ಕೊನೆಯ ಬಸ್ಸಿನಿಂದ ಅಳೆದ ಬೆಟ್ಟ

ಬೆಟ್ಟದ ಎತ್ತರವನ್ನು ಸಮುದ್ರಮಟ್ಟದಿಂದ ಅಳೆಯುವ ರೂಢಿ ಭೂಮಾಪಕರಿಗೆ ಅನುಕೂಲವಾದದ್ದೇ ಇರಬಹುದು. ಆದರೆ ಸಾರಿಗೆ ಬಸ್ಸಿನಲ್ಲಿ ಹೋಗಿ, ಬೆಟ್ಟ ಹತ್ತಿ, ಸಾರಿಗೆ ಬಸ್ಸಿನಲ್ಲೇ ಮನೆಗೆ ಮರಳಬೇಕೆಂಬ ಸಂಕಲ್ಪ ಮಾಡಿದವರಿಗೆ ಆ ಲೆಕ್ಕದಿಂದ ಕವಡೆಯಷ್ಟೂ ಪ್ರಯೋಜನವಿಲ್ಲ. ಮಾಗಡಿ ತಾಲ್ಲೂಕಿನ ಸಾವನದುರ್ಗ 1,226 ಮೀಟರ್ ಎತ್ತರವಿದೆಯೆಂದು ಭೂಗೋಳದ ಪುಸ್ತಕಗಳು ಹೇಳುತ್ತವೆ. ಅದರಲ್ಲಿ ಸುಮಾರು 900 ಮೀಟರನ್ನು ಬೆಂಗಳೂರಿನ ನಾಗರಿಕನು ತನ್ನ ಮನೆಯ ಹಿತ್ತಿಲಲ್ಲಿ ಹಲ್ಲುಜ್ಜುತ್ತ ನಿಂತಾಗಲೇ ಏರಿ ಮುಗಿಸಿರುತ್ತಾನೆ, ಮತ್ತು ಆ ಸಾಧನೆಗಾಗಿ ಇದುವರೆಗೆ ಯಾರೂ ಅವನಿಗೆ ಹಾರ ಹಾಕಿದ್ದಿಲ್ಲ. ಬಸ್ಸಿನ ಚಾರಣಿಗನಿಗೆ, ಎಂದರೆ ಸ್ವಂತ ವಾಹನವಿಲ್ಲದೆಯೋ ಇದ್ದೂ ಅದನ್ನು ನಂಬದೆಯೋ ಬೆಟ್ಟಕ್ಕೆ ಹೊರಟವನಿಗೆ, ಬೇಕಾದ ಅಳತೆಗೋಲು ಬೇರೆ: ಬಸ್ಸು ಇಳಿಸಿದ ಜಾಗದಿಂದ ತುದಿ ಮುಟ್ಟಿ, ಅಲ್ಲಿ ಬುತ್ತಿ ಬಿಚ್ಚಿ, ಮತ್ತೆ ಕೆಳಗಿಳಿದು, ಕೊನೆಯ ಬಸ್ಸು ಹೊರಡುವ ಮೊದಲು ಅರಳಿಕಟ್ಟೆಗೆ ಬಂದು ಸೇರಲು ಎಷ್ಟು ಹೊತ್ತು ಸಿಗುತ್ತದೆ ಎಂಬುದು. ಈ ಕೋಲಿನಿಂದ ಅಳೆದರೆ ಗಂಟೆಗೆರಡು ಬಸ್ಸಿರುವ ಮಹಾಪರ್ವತವೂ ದಿಣ್ಣೆಯಾಗಿ ಕುಗ್ಗುತ್ತದೆ, ಬೆಳಿಗ್ಗೆ ಒಂದು ಸಂಜೆ ಒಂದು ಬಸ್ಸಿರುವ ಹಳ್ಳಿಯ ದಿಣ್ಣೆ ಹಿಮಾಲಯವಾಗಿ ಬೆಳೆಯುತ್ತದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಸರಪಳಿ ಹಾಸಿ ಆಧಾರರೇಖೆಯನ್ನು, ಅಂದರೆ ಮುಂದಿನ ತ್ರಿಕೋನಗಳಿಗೆಲ್ಲ ಪಾಯವಾಗುವ ಮೊದಲ ನೇರಗೆರೆಯನ್ನು, ಅಳೆಸಿದಾಗ ಈ ಸಂಗತಿಯನ್ನು ಗಣನೆಗೆ ತೆಗೆದುಕೊಳ್ಳಲಿಲ್ಲವೆಂಬುದನ್ನು ದೋಷವೆಂದು ಎಣಿಸಬಾರದು. ಅವನು ಹಿಡಿಯಬೇಕಾದ ಕೊನೆಯ ಬಸ್ಸು ಯಾವುದೂ ಇರಲಿಲ್ಲ.

ನೆಲ ಉಬ್ಬಿದ ಕಡೆಗೆಲ್ಲ ಕನ್ನಡದಲ್ಲಿ ಬೆಟ್ಟ, ಗುಡ್ಡ, ಗಿರಿ, ದುರ್ಗ, ಮಲೆ ಎಂದು ಹಲವು ಹೆಸರುಗಳಿವೆ. ಇವುಗಳ ಅಂತರವನ್ನು ಗಾತ್ರದಿಂದ ಬಿಡಿಸಹೊರಟವರಿಗೆ ತಲೆ ಚಿಟ್ಟುಹಿಡಿಯುತ್ತದೆ, ಆದರೆ ಬಸ್ಸಿನ ಕಿಟಕಿಯಿಂದ ನೋಡಿದರೆ ಸಮಸ್ಯೆ ತಾನಾಗಿ ಬಿಡಿಸಿಕೊಳ್ಳುತ್ತದೆ. ತುದಿಯಲ್ಲಿ ದೇವರೂ ಬುಡದಲ್ಲಿ ಹಣ್ಣುಕಾಯಿ ಅಂಗಡಿಯೂ ಇದ್ದರೆ ಅದು ಬೆಟ್ಟ. ಎರಡೂ ಇಲ್ಲದೆ ಕುರಿಗಳಷ್ಟೇ ಇದ್ದರೆ ಗುಡ್ಡ. ಒಬ್ಬ ಪಾಳೆಯಗಾರ ಕೋಟೆ ಕಟ್ಟಿ ಇನ್ನೊಬ್ಬ ಅದನ್ನು ಕೆಡವಿದ್ದರೆ ದುರ್ಗ. ನಿವೇಶನ ಮಾರುವವರು ಬಂದು ಕಮಾನು ನಿಲ್ಲಿಸಿದ ದಿನದಿಂದ ಗಿರಿ. ಇವುಗಳಲ್ಲಿ ಬಸ್ಸು ತಪ್ಪದೆ ಹೋಗುವುದು ಮೊದಲನೆಯದಕ್ಕೆ. ನಂದಿಯಲ್ಲಿ ಯೋಗನಂದೀಶ್ವರ, ಶಿವಗಂಗೆಯಲ್ಲಿ ಗಂಗಾಧರೇಶ್ವರ, ದೇವರಾಯನದುರ್ಗದಲ್ಲಿ ನರಸಿಂಹ, ಸಾವನದುರ್ಗದ ಬುಡದಲ್ಲಿ ವೀರಭದ್ರನೂ ನರಸಿಂಹನೂ, ರಾಮನಗರದಲ್ಲಿ ಸ್ವತಃ ರಾಮದೇವರು ನೆಲೆಸಿರುವುದರಿಂದಲೇ ಅಲ್ಲಿಗೆಲ್ಲ ರಸ್ತೆ ಬಂತು, ರಸ್ತೆಯ ಹಿಂದೆ ಬಸ್ಸು ಬಂತು, ಬಸ್ಸಿನ ಹಿಂದಿನ ಬಾಗಿಲಿನಿಂದ ಚಾರಣಿಗನು ಇಳಿದ. ಪ್ರಕೃತಿಯ ಮಡಿಲಿಗೆ ಹೊರಟಿದ್ದೇನೆಂದು ಭಾವಿಸುವ ನಾಸ್ತಿಕ ಚಾರಣಿಗನು ಕೂಡ, ಟಿಕೆಟ್ಟು ಕೊಳ್ಳುವ ಹೊತ್ತಿಗೆ ದೇವರ ಋಣದಲ್ಲಿ ಬಿದ್ದಿರುತ್ತಾನೆ.

ಬೆಂಗಳೂರಿನಿಂದ ಇಂಥ ಯಾತ್ರೆಗಳೆಲ್ಲ ಬಹುಮಟ್ಟಿಗೆ ಆರಂಭವಾಗುವುದು ಮೆಜೆಸ್ಟಿಕ್ಕಿನಿಂದ. ಈ ನಿಲ್ದಾಣಕ್ಕೆ ಸರ್ಕಾರ ಇಟ್ಟ ಹೆಸರು ಕೆಂಪೇಗೌಡರದು, ಜನ ಕರೆಯುವ ಹೆಸರು ಈಗ ಇಲ್ಲದ ಒಂದು ಚಿತ್ರಮಂದಿರದ್ದು, ಅದು ಕುಳಿತಿರುವ ನೆಲವೋ ಧರ್ಮಾಂಬುಧಿ ಎಂಬ ಕೆರೆಯದು. ಒಂದು ಕಾಲದಲ್ಲಿ ಪೇಟೆಗೆ ನೀರು ಕೊಟ್ಟ ಆ ಕೆರೆ ಒಣಗಿ, ಅದರ ಅಂಗಳದಲ್ಲಿ, ಅಂದರೆ ನೀರು ನಿಲ್ಲುತ್ತಿದ್ದ ಹಾಸಿನಲ್ಲಿ, ಈಗ ಬಸ್ಸುಗಳು ನಿಲ್ಲುತ್ತವೆ. ಆದ್ದರಿಂದ ಮಂಚನಬೆಲೆಯಂಥ ಜಲಾಶಯವನ್ನು ನೋಡಲು ಮೆಜೆಸ್ಟಿಕ್ಕಿನಲ್ಲಿ ಕಾಯುತ್ತಿರುವವನು ನಿಜಕ್ಕೂ ಒಂದು ಕೆರೆಯ ತಳದಲ್ಲಿ ನಿಂತುಕೊಂಡು ಇನ್ನೊಂದು ಕೆರೆಗೆ ಬಸ್ಸು ಎಲ್ಲಿ ಬರುತ್ತದೆಂದು ವಿಚಾರಿಸುತ್ತಿರುತ್ತಾನೆ. ಜೋರು ಮಳೆಯ ಸಂಜೆ ನೀರು ಮಡುಗಟ್ಟಿದಾಗ ಪ್ರಯಾಣಿಕರು ನಗರಾಡಳಿತವನ್ನು ಬೈಯುವುದುಂಟು. ಕೆರೆಯ ಕಡೆಯಿಂದ ನೋಡಿದರೆ ಅದು ಹಳೆಯ ಒಡೆಯ ಒಮ್ಮೊಮ್ಮೆ ಬಂದು ತನ್ನ ಮನೆ ನೋಡಿ ಹೋಗುವುದಷ್ಟೇ.

ನಿಲ್ದಾಣದಲ್ಲಿ ಬಳಕೆಯಲ್ಲಿರುವ ಭಾಷೆಗೆ ಪ್ರತ್ಯೇಕ ವ್ಯಾಕರಣವೊಂದಿದ್ದು, ಅದರಲ್ಲಿ ‘ಈಗ’ ಎಂಬ ಅವ್ಯಯದ ವ್ಯಾಪ್ತಿ ವಿಶೇಷ ಅಧ್ಯಯನಕ್ಕೆ ಅರ್ಹವಾದುದು. ‘ಈಗ ಹೋಯ್ತಲ್ಲ’ ಎಂದರೆ ಬಸ್ಸು ಹೋಗಿ ಒಂದು ನಿಮಿಷವೂ ಆಗಿರಬಹುದು, ಮುಕ್ಕಾಲು ಗಂಟೆಯೂ ಆಗಿರಬಹುದು. ‘ಈಗ ಬರುತ್ತೆ’ ಎಂದರೆ ಅದು ಈ ದಿನದೊಳಗೆ ಬರುವುದೆಂಬ ಭರವಸೆ. ‘ಈಗಿಲ್ಲ’ ಎಂದರೆ ಆ ಮಾರ್ಗವನ್ನು ವರ್ಷಗಳ ಹಿಂದೆಯೇ ನಿಲ್ಲಿಸಲಾಗಿದೆ ಎಂದರ್ಥ. ಹೀಗಾಗಿ ಅನುಭವಸ್ಥ ಚಾರಣಿಗನು ಒಬ್ಬರನ್ನು ಕೇಳಿ ಸುಮ್ಮನಾಗುವುದಿಲ್ಲ. ವಿಚಾರಣಾ ಕಿಟಕಿಯವರನ್ನು, ಕಡಲೆಕಾಯಿ ಮಾರುವವರನ್ನು, ಬಸ್ಸಿನ ನೆರಳಿನಲ್ಲಿ ಟೀ ಕುಡಿಯುತ್ತಿರುವ ಬೇರೆ ಮಾರ್ಗದ ಚಾಲಕರನ್ನು ಕೇಳಿ, ಮೂರು ಉತ್ತರಗಳ ಸರಾಸರಿ ತೆಗೆಯುತ್ತಾನೆ. ಕಡಲೆಕಾಯಿಯವರ ಉತ್ತರಕ್ಕೆ ಹೆಚ್ಚಿನ ತೂಕ ಕೊಡುವುದು ಕ್ಷೇಮ, ಏಕೆಂದರೆ ಮೂವರಲ್ಲಿ ಬಸ್ಸಿನ ಬರುವಿಕೆಯ ಮೇಲೆ ಹೊಟ್ಟೆಪಾಡು ನಿಂತಿರುವುದು ಅವರೊಬ್ಬರದೇ.

ಬಸ್ಸಿನೊಳಗೆ ಸರ್ವಾಧಿಕಾರಿ ಕಂಡಕ್ಟರು. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನು ಆರಂಭಿಸಿದ ಮೇಲೆ ಬಸ್ಸಿನ ಬಣ್ಣ ಬದಲಾಗಿದೆ, ಬಾಗಿಲು ಬದಲಾಗಿದೆ, ಚೀಟಿ ಹರಿದುಕೊಡುತ್ತಿದ್ದ ಕೈಯಲ್ಲಿ ಯಂತ್ರ ಬಂದಿದೆ. ಚಿಲ್ಲರೆ ಮಾತ್ರ ಇನ್ನೂ ಬಂದಿಲ್ಲ. ಹತ್ತು ರೂಪಾಯಿಯೊಳಗಿನ ಬಾಕಿಯನ್ನು ಟಿಕೆಟ್ಟಿನ ಬೆನ್ನ ಮೇಲೆ ನೀಲಿ ಶಾಯಿಯಲ್ಲಿ ಬರೆದು, ಅಂಕಿಯ ಸುತ್ತ ಒಂದು ಸುತ್ತು ಹಾಕಿ ಕೊಡುವ ಸಂಪ್ರದಾಯವನ್ನು ಅರ್ಥಶಾಸ್ತ್ರಜ್ಞರು ಬಡ್ಡಿಯಿಲ್ಲದ ಅಲ್ಪಾವಧಿ ಸಾಲಪತ್ರವೆಂದು ಕರೆಯಬಹುದು. ಆ ಪತ್ರವನ್ನು ಕಾಪಾಡಿಕೊಳ್ಳುವ ಬಗೆಯಲ್ಲಿ ಪ್ರಯಾಣಿಕರ ಜಾಣ್ಮೆ ಕಾಣುತ್ತದೆ: ಗಂಡಸರು ಕೈಗಡಿಯಾರದ ಪಟ್ಟಿಯ ಅಡಿಯಲ್ಲಿ ಮಡಿಚಿ ತೂರಿಸುತ್ತಾರೆ, ಕೆಲವರು ಕಿವಿಯ ಸಂದಿನಲ್ಲಿ ಸಿಕ್ಕಿಸುತ್ತಾರೆ, ಹೆಂಗಸರು ಬಳೆಗಳ ನಡುವೆ ಸುರುಳಿ ಮಾಡಿ ಇಡುತ್ತಿದ್ದರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಮೊತ್ತದ ಟಿಕೆಟ್ಟು ಸಿಗುತ್ತಿರುವುದರಿಂದ ಈ ಸಾಲ ವ್ಯವಹಾರದಲ್ಲಿ ಉಳಿದಿರುವವರು ಮುಖ್ಯವಾಗಿ ಗಂಡಸರು; ಬೆಟ್ಟದ ಬಸ್ಸುಗಳಲ್ಲಿ ಈಗ ಕಿಟಕಿಯ ಪಕ್ಕದ ಜಾಗಗಳೂ, ಹರಟೆಯೂ, ಚಿತ್ರಾನ್ನದ ಡಬ್ಬಿಗಳೂ ಹೆಂಗಸರ ವಶದಲ್ಲಿದ್ದು, ಚಾರಣಿಗನು ಮೇಲಿನ ಕಂಬಿಗೆ ಜೋತುಬಿದ್ದು ಕೈಗಳ ವ್ಯಾಯಾಮವನ್ನು ಮುಂಚಿತವಾಗಿಯೇ ಮುಗಿಸಿಕೊಳ್ಳುತ್ತಾನೆ.

ಇಳಿಯುವ ಜಾಗಗಳ ಪರಿಭಾಷೆಯನ್ನೂ ಇಲ್ಲಿಯೇ ವಿವರಿಸಬೇಕು. ‘ಕ್ರಾಸ್’ ಎಂದರೆ ಹೆದ್ದಾರಿಯಿಂದ ಹಳ್ಳಿಯ ರಸ್ತೆ ಕವಲೊಡೆಯುವ ಜಾಗ. ಅಲ್ಲಿ ಒಂದು ಟೀ ಅಂಗಡಿ, ಒಂದು ಪಂಕ್ಚರ್ ಅಂಗಡಿ ಮತ್ತು ಹಳ್ಳಿ ಇನ್ನೂ ದೂರವಿದೆಯೆಂಬ ಸತ್ಯ ಇರುತ್ತವೆ. ‘ಗೇಟ್’ ಎಂಬಲ್ಲಿ ಸಾಮಾನ್ಯವಾಗಿ ಗೇಟಿರುವುದಿಲ್ಲ. ‘ಹ್ಯಾಂಡ್‌ಪೋಸ್ಟ್’ ಎಂದರೆ ಕೈಮರ, ಅಂದರೆ ಬೆರಳು ಚಾಚಿ ಊರಿನ ದಾರಿ ತೋರಿಸುತ್ತಿದ್ದ ಕಂಬ; ಕಂಬ ಬಿದ್ದುಹೋದ ಮೇಲೂ ಹೆಸರು ದಾರಿ ತೋರಿಸುತ್ತಲೇ ಇರುತ್ತದೆ. ಚಿಕ್ಕಮಗಳೂರಿನಿಂದ ಗಿರಿಶ್ರೇಣಿಗೆ ಹೋಗುವ ಹಾದಿಯಲ್ಲಿ ಕೈಮರವೆಂಬ ಊರೇ ಇದ್ದು, ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗೆ ಹೊರಟವರಿಗೆ ಏರು ಶುರುವಾಯಿತೆಂದು ಮೊದಲು ಹೇಳುವುದು ಅದೇ. ಕ್ರಾಸಿನಿಂದ ಬೆಟ್ಟ ಎಷ್ಟು ದೂರವೆಂದು ಕೇಳಿದರೆ ಸಿಗುವ ‘ಇಲ್ಲೇ, ಒಂದ್ ಬೀಡಿ ಸೇದೋ ಅಷ್ಟು ದೂರ’ ಎಂಬ ಉತ್ತರದಲ್ಲಿ, ಹೇಳಿದವರ ಬೀಡಿ ಎಷ್ಟು ಉದ್ದದ್ದೆಂಬುದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಶಿವಗಂಗೆಯನ್ನು ಬಸ್ಸಿನ ಚಾರಣದ ಪಠ್ಯಪುಸ್ತಕವೆಂದೇ ಕರೆಯಬಹುದು. ತುಮಕೂರು ಬಸ್ಸು ಹತ್ತಿ ದಾಬಸ್‌ಪೇಟೆಯಲ್ಲಿಳಿದು, ಅಲ್ಲಿಂದ ಸಿಕ್ಕ ಬಸ್ಸನ್ನೋ ಹನ್ನೊಂದು ಜನರನ್ನು ಹೊತ್ತ ಆಟೋವನ್ನೋ ಹಿಡಿದರೆ ಬೆಟ್ಟದ ಬುಡ. ಪೂರ್ವದಿಂದ ನೋಡಿದರೆ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಹಾವಿನಂತೆ ಈ ಬೆಟ್ಟ ಕಾಣುತ್ತದೆಂದು ಸ್ಥಳಪುರಾಣ ಹೇಳುತ್ತದೆ. ನಿಂತು ಪ್ರಯಾಣಿಸಿದವರಿಗೆ ನಾಲ್ಕೂ ದಿಕ್ಕಿನಿಂದ ಅದು ಪಕ್ಕದವರ ಕಂಕುಳಿನಂತೆ ಕಾಣುವುದುಂಟು. ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪದ ಅಭಿಷೇಕ ಮಾಡಿದರೆ ಅದು ಬೆಣ್ಣೆಯಾಗುತ್ತದೆಂಬ ನಂಬಿಕೆ ಪ್ರಸಿದ್ಧವಾದುದು, ಮತ್ತು ಬೆಣ್ಣೆ ಕಾಯಿಸಿ ತುಪ್ಪ ಮಾಡಿ ದಣಿದ ಗೃಹಿಣಿಯರು ಈ ಪವಾಡವನ್ನು ಯಾವ ಉತ್ಸಾಹದಿಂದ ನೋಡುತ್ತಾರೆಂಬುದು ಬೇರೆಯೇ ವಿಷಯ. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡದ್ದು ಶಿವಗಂಗೆಯಲ್ಲೆಂದು ಶಾಸನದಿಂದ ತಿಳಿಯುತ್ತದೆ. ತುದಿಯ ಹತ್ತಿರದ ಪ್ರಪಾತಕ್ಕೆ ಜನರು ಅವಳ ಹೆಸರನ್ನೇ ಇಟ್ಟಿದ್ದಾರೆ.

ನಡುದಾರಿಯಲ್ಲಿ ಒಳಕಲ್ಲು ತೀರ್ಥವಿದೆ. ಒಳಕಲ್ಲು ಎಂದರೆ ಕುಟ್ಟುವುದಕ್ಕೋ ರುಬ್ಬುವುದಕ್ಕೋ ನೆಲದಲ್ಲಿ ಹೂತಿಟ್ಟ ಗುಳಿಯ ಕಲ್ಲು. ಇಲ್ಲಿ ಅಂಥದೇ ಒಂದು ಗುಳಿ ಬಂಡೆಯೊಳಗೆ ಇಳಿದಿದ್ದು, ಭಕ್ತರು ನೆಲಕ್ಕೆ ಬಗ್ಗಿ ಭುಜದವರೆಗೂ ಕೈ ಇಳಿಬಿಟ್ಟು ನೀರು ಸಿಗುವುದೇ ಎಂದು ತಡಕುತ್ತಾರೆ, ಸಿಕ್ಕವರು ಪುಣ್ಯವಂತರೆಂದು ಲೆಕ್ಕ. ಸರದಿಯಲ್ಲಿ ನಿಂತು ನೋಡುವವರಿಗೆ ಕಾಣುವುದು ಗುಳಿಯ ಬಾಯಿಗೆ ಒತ್ತಿದ ಒಂದು ಕೆನ್ನೆ, ಮುಚ್ಚಿದ ಕಣ್ಣು ಮತ್ತು ಅಳುಕುತ್ತಿರುವ ಒಂದು ಮುಖ. ಬೆರಳಿಗೆ ತಣ್ಣನೆಯದು ತಾಕಿದೊಡನೆ ಆ ಮುಖ ಅರಳುವ ಬಗೆಯನ್ನು ನೋಡಿದ ಮೇಲೆ, ಪಾಪಪುಣ್ಯಗಳಲ್ಲಿ ನಂಬಿಕೆಯಿಲ್ಲದ ಪ್ರಸ್ತುತ ಲೇಖಕನೂ ತೋಳು ಮಡಿಚಿ ಬಗ್ಗಿದ್ದಾನೆ, ಮತ್ತು ಅವನ ತೋಳು ಗಿಡ್ಡವೆಂಬ ಅಂಗರಚನಾ ದೋಷವನ್ನು ಹಿಂದಿನಿಂದ ಬಂದ ‘ಅಯ್ಯೋ ಪಾಪ’ ಎಂಬ ಉದ್ಗಾರ ಬೇರೆಯೇ ರೀತಿಯಲ್ಲಿ ಅರ್ಥೈಸಿದೆ. ಮುಂದಿನ ಏರಿನಲ್ಲಿ ಬಂಡೆಗೆ ಕೊರೆದ ಮೆಟ್ಟಿಲು, ಕಬ್ಬಿಣದ ಕಂಬಿ ಮತ್ತು ಕೋತಿಗಳು ಬರುತ್ತವೆ. ಕೋತಿಗಳು ಚೀಲಗಳನ್ನು ಎರಡು ವರ್ಗ ಮಾಡಿವೆ: ಹಣ್ಣುಕಾಯಿಯ ಚೀಲ ಮತ್ತು ಹಣ್ಣುಕಾಯಿ ಇಲ್ಲವೆಂದು ತೆರೆದು ನೋಡಿ ಖಚಿತಪಡಿಸಿಕೊಳ್ಳಬೇಕಾದ ಚೀಲ. ತುದಿಯಲ್ಲಿ ಬಂಡೆಯ ಮೇಲೊಂದು ನಂದಿ ಗಾಳಿಗೆ ಮುಖವೊಡ್ಡಿ ಕುಳಿತಿದ್ದಾನೆ. ಅವನ ಸುತ್ತ ಒಬ್ಬರು ಮಾತ್ರ ಹಾಯಬಹುದಾದ ಇಕ್ಕಟ್ಟಿನಲ್ಲಿ ಸುತ್ತು ಬರುವವರು ಬಸ್ಸಿನಲ್ಲಿ ಕಲಿತ ‘ಸ್ವಲ್ಪ ಮುಂದೆ ಹೋಗಿ’ ಎಂಬ ಮಾತನ್ನೇ ಅಲ್ಲಿಯೂ ಬಳಸುತ್ತಾರೆ.

ಸಾವನದುರ್ಗದ ಸ್ವಭಾವ ಇದಕ್ಕಿಂತ ಭಿನ್ನ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಬೆನ್ನುಗಳುಳ್ಳ ಇದು ಏಷ್ಯಾದ ಬಹುದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರಾಗಿದೆ. ಏಕಶಿಲೆಯೆಂದರೆ ಬೆಟ್ಟವೆಲ್ಲ ಒಂದೇ ಬಂಡೆ, ಆದ್ದರಿಂದ ಹಿಡಿದುಕೊಳ್ಳಲು ಪೊದೆಯಾಗಲಿ ಕುಳಿತುಕೊಳ್ಳಲು ಮೆಟ್ಟಿಲಾಗಲಿ ಇರುವುದಿಲ್ಲವೆಂಬುದು ಅದರ ಪ್ರಾಯೋಗಿಕ ಅರ್ಥ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಮಾಡಿದವರು ಮಾಗಡಿಯ ಕಡೆಗೆ ಬಂದವರಾಗಿರಲಾರರು: ಈ ಬೆಟ್ಟ ಹತ್ತಿರದಿಂದಲೂ ನುಣ್ಣಗೇ ಇದೆ, ಕಷ್ಟವಿರುವುದೇ ಅಲ್ಲಿ. ಇಲ್ಲಿಯ ಕಲ್ಲಿನ ಜಾತಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ರಾಮನಗರಕ್ಕೆ ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ನೆನಪಿಗಾಗಿ ಒಂದು ಕಾಲದಲ್ಲಿ ಕ್ಲೋಸ್‌ಪೇಟೆಯೆಂದು ಹೆಸರಿತ್ತು, ಊರು ಹೆಸರು ಬದಲಿಸಿದರೂ ಕಲ್ಲು ಬದಲಿಸಲಿಲ್ಲ. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಇಷ್ಟು ಹಿರಿಯ ವಸ್ತುವಿನ ಬುಡದಲ್ಲಿ ನಿಂತು ನಲವತ್ತು ನಿಮಿಷ ತಡವಾದ ಬಸ್ಸಿಗಾಗಿ ಹಾರಾಡುವುದು ಸಣ್ಣತನವೆಂದು ಚಾರಣಿಗನಿಗೆ ತಾತ್ತ್ವಿಕವಾಗಿ ತಿಳಿದಿರುತ್ತದೆ, ಆದರೆ ಬಂಡೆಗೆ ಸೋಮವಾರ ಬೆಳಿಗ್ಗೆ ಕಚೇರಿಯಿಲ್ಲ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಈ ದುರ್ಗವನ್ನು ಹಿಡಿಯಿತು. ಅದಕ್ಕೆ ಎರಡು ತಿಂಗಳ ಹಿಂದೆ ನಂದಿದುರ್ಗವನ್ನೂ ಹಿಡಿದಿತ್ತು. ತೋಪುಗಳನ್ನು ಎಳೆದುಕೊಂಡು ಬಂದ ಸೈನ್ಯಕ್ಕೆ ಎರಡು ಬೆಟ್ಟಗಳ ನಡುವೆ ಎರಡು ತಿಂಗಳು ಹಿಡಿದದ್ದನ್ನು ಕೇಳಿ ಸಾಮಾನ್ಯರು ಅಚ್ಚರಿಪಡಬಹುದು, ನಂದಿಯಿಂದ ಮಾಗಡಿಗೆ ಭಾನುವಾರ ಬಸ್ಸು ಬದಲಿಸಿದವರು ಪಡುವುದಿಲ್ಲ.

ಬೆಟ್ಟದಿಂದ ಜಲಾಶಯಕ್ಕೆ ಹೋಗುವ ದಾರಿಯನ್ನು ಬಸ್ಸಿನವರಿಗಿಂತ ನೀರು ಚೆನ್ನಾಗಿ ಬಲ್ಲದು. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ, ಕುಮುದ್ವತಿ ಹುಟ್ಟುವುದು ಶಿವಗಂಗೆಯಲ್ಲಿ. ಎರಡೂ ತಂತಮ್ಮ ಪಾಡಿಗೆ ಇಳಿದು ಬಂದು ತಿಪ್ಪಗೊಂಡನಹಳ್ಳಿಯಲ್ಲಿ ಕೂಡುತ್ತವೆ, ಆ ಕೂಡಲಿಗೆ ಅಡ್ಡಲಾಗಿ 1933ರಲ್ಲಿ ಚಾಮರಾಜಸಾಗರವೆಂಬ ಜಲಾಶಯ ಸಿದ್ಧವಾಯಿತು, ಅಲ್ಲಿಂದ ಕೆಳಗೆ ಅರ್ಕಾವತಿಗೆ ಮಂಚನಬೆಲೆಯಲ್ಲಿ ಇನ್ನೊಂದು ಕಟ್ಟೆ ಎದುರಾಗುತ್ತದೆ, ಕೊನೆಗೆ ಅವಳು ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಎರಡು ಬೆಟ್ಟಗಳ ಮಳೆ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸದೆಯೇ ಒಂದು ಕಟ್ಟೆಯಲ್ಲಿ ಭೇಟಿಯಾಗುತ್ತದೆ. ಅದೇ ಶಿವಗಂಗೆಯಿಂದ ಅದೇ ತಿಪ್ಪಗೊಂಡನಹಳ್ಳಿಗೆ ಹೋಗಬೇಕಾದ ಮನುಷ್ಯ ಮಾತ್ರ ಊರಿನವರೆಗೆ ಬಂದು, ಕೆರೆಯ ಅಂಗಳದಲ್ಲಿ ಇಳಿದು, ಕಡಲೆಕಾಯಿಯವರನ್ನು ಮತ್ತೆ ಕೇಳಬೇಕು. ತುಮಕೂರಿನ ಹತ್ತಿರದ ದೇವರಾಯನದುರ್ಗದ ನೀರು ಇನ್ನೂ ಚುರುಕು. ಅಲ್ಲಿಂದ ಜಯಮಂಗಲಿ ಉತ್ತರಕ್ಕೆ ಹೊರಟು ಪಿನಾಕಿನಿಯನ್ನು ಹುಡುಕಿಕೊಂಡು ಹೋಗುತ್ತಾಳೆ, ಶಿಂಷಾ ದಕ್ಷಿಣಕ್ಕೆ ಹೊರಟು ಕಾವೇರಿಯನ್ನು. ಒಂದೇ ನಿಲ್ದಾಣದಿಂದ ಎರಡು ಮಾರ್ಗ, ಎರಡೂ ಎಕ್ಸ್‌ಪ್ರೆಸ್.

ನಗರದ ಬಾಯಾರಿಕೆಯ ಚರಿತ್ರೆಯನ್ನು ಬಸ್ಸಿನ ಮಾರ್ಗಗಳ ಮೇಲೆಯೇ ಓದಬಹುದು. ಪೇಟೆಯ ಕೆರೆಗಳು ಸಾಲದಾದಾಗ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಅದೂ ಸಾಲದಾದಾಗ ತಿಪ್ಪಗೊಂಡನಹಳ್ಳಿ. ಆಮೇಲೆ ಕಾವೇರಿ, ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಬಂದು, ಸುಮಾರು 500 ಮೀಟರ್ ಮೇಲಕ್ಕೆ ಪಂಪುಗಳಿಂದ ನೂಕಿಸಿಕೊಂಡು ನಗರ ಸೇರುತ್ತಿದೆ. ಭಾನುವಾರ ಸಂಜೆ ಬೆಟ್ಟದಿಂದ ಮರಳಿ, ತನ್ನ ಸಾಹಸವನ್ನು ಮನೆಯವರಿಗೆ ವರ್ಣಿಸುತ್ತ ನಲ್ಲಿ ತಿರುಗಿಸಿ ಕಾಲು ತೊಳೆಯುವವನಿಗಿಂತ, ಅವನ ಕಾಲ ಮೇಲೆ ಬೀಳುತ್ತಿರುವ ನೀರು ಆ ದಿನ ಹೆಚ್ಚು ಎತ್ತರ ಹತ್ತಿರುತ್ತದೆ, ಮತ್ತು ಅದರ ಬಗ್ಗೆ ಒಂದು ಮಾತೂ ಆಡಿರುವುದಿಲ್ಲ.

ಜಲಾಶಯದ ನಡಿಗೆಗೆ ಅದರದೇ ಶಬ್ದಸಂಪತ್ತಿದೆ. ಏರಿ ಎಂದರೆ ನೀರನ್ನು ತಡೆದ ಕಟ್ಟೆ, ತೂಬು ಎಂದರೆ ಗದ್ದೆಗೆ ನೀರು ಬಿಡುವ ಕಂಡಿ, ಕೋಡಿ ಎಂದರೆ ತುಂಬಿದ ಮೇಲೆ ಮಿಕ್ಕದ್ದು ಹೊರಳಿಹೋಗುವ ಜಾಗ. ಕೋಡಿ ಬಿದ್ದ ಸುದ್ದಿ ಹಬ್ಬಿದರೆ ಸಾಕು, ಸುತ್ತಲ ಊರಿನವರು ಮದುವೆಗೆ ಹೊರಟಂತೆ ಹೊರಡುತ್ತಾರೆ. ಇದಕ್ಕೆ ಆಧುನಿಕರು ಸೇರಿಸಿದ ಪದ ಟಿಎಂಸಿ, ಅಂದರೆ ಸಾವಿರ ದಶಲಕ್ಷ ಘನ ಅಡಿ, ಸುಮಾರು 2,830 ಕೋಟಿ ಲೀಟರು. ಇದು ಎಷ್ಟು ನೀರೆಂದು ಕಣ್ಣಿಗೆ ಕಟ್ಟಿಕೊಳ್ಳಲಾಗದವರೂ ಮಳೆಗಾಲದಲ್ಲಿ ಕೃಷ್ಣರಾಜಸಾಗರದ ಮಟ್ಟ 124.80 ಅಡಿಗೆ ಎಷ್ಟು ಕಡಿಮೆಯಿದೆಯೆಂದು ಬಸ್ಸಿನ ಹಿಂದಿನ ಸೀಟಿನಿಂದ ದಶಮಾಂಶ ಸಮೇತ ಹೇಳಬಲ್ಲರು. ತಿಪ್ಪಗೊಂಡನಹಳ್ಳಿಯ ಕಟ್ಟೆಯ ಮೇಲೆ ಕಾಲಿಡಲು ಜಲಮಂಡಳಿಯ ಅನುಮತಿ ಬೇಕು; ಅದಿಲ್ಲದೆ ಹೋದವರು ಗೇಟಿನಲ್ಲಿ ನಿಂತು, ಕಾವಲಿನವರ ಊರು ಯಾವುದೆಂದು ಕೇಳಿ, ಅವರ ಮಗಳ ಓದಿನ ವಿಷಯ ಮಾತಾಡಿ, ಕೊನೆಗೆ ಗೇಟಿನ ಹೊರಗಿನಿಂದಲೇ ಎಷ್ಟು ಕಾಣುತ್ತದೋ ಅಷ್ಟನ್ನು ಜಲಾಶಯವೆಂದು ಭಾವಿಸಿ ಮರಳುತ್ತಾರೆ. ಮಂಚನಬೆಲೆಯ ದಂಡೆಯಲ್ಲಿ ಈಜಬಾರದೆಂಬ ಫಲಕಗಳಿವೆ. ಫಲಕದ ವಿಷಯದಲ್ಲಿ ತಮಾಷೆ ಮಾಡುವಂಥದ್ದೇನೂ ಇಲ್ಲ; ಅಲ್ಲಿ ಜೀವ ಕಳೆದುಕೊಂಡವರಿದ್ದಾರೆ, ಬಟ್ಟೆ ಒಗೆಯಲು ಬಂದ ಊರಿನ ಹೆಂಗಸರು ಹುಡುಗರನ್ನು ಗದರಿಸಿ ಮೇಲೆ ಕಳಿಸುವುದು ಅದನ್ನು ಕಣ್ಣಾರೆ ಕಂಡಿರುವುದರಿಂದ.

ಕಾರಿನಲ್ಲಿ ಬಂದವರನ್ನು ಕಂಡು ಬಸ್ಸಿನ ಚಾರಣಿಗನಿಗೆ ಹೊಟ್ಟೆಯುರಿಯುವುದು ಸಹಜವಾದರೂ ಶಾಸ್ತ್ರೀಯವಾಗಿ ಸರಿಯಲ್ಲ. ಕಾರು ನಿಲ್ಲಿಸಿದವನು ಹಗ್ಗ ಕಟ್ಟಿದ ಕರುವಿದ್ದಂತೆ. ಎಷ್ಟು ದೂರ ಹೋದರೂ ಗೂಟಕ್ಕೇ ಮರಳಬೇಕು. ಬಸ್ಸಿನಲ್ಲಿ ಬಂದವನು ಒಂದು ಮಗ್ಗುಲಲ್ಲಿ ಹತ್ತಿ ಇನ್ನೊಂದು ಮಗ್ಗುಲಲ್ಲಿ ಇಳಿಯಬಹುದು. ಈ ತತ್ತ್ವವನ್ನು ಮೈಸೂರಿನವರು ಬಹಳ ಹಿಂದೆಯೇ ಕಂಡುಕೊಂಡಿದ್ದು, ಚಾಮುಂಡಿಬೆಟ್ಟಕ್ಕೆ ನಗರ ಸಾರಿಗೆ ಬಸ್ಸಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯುವ ಪಂಥ, ಮೆಟ್ಟಿಲಲ್ಲಿ ಹತ್ತಿ ಬಸ್ಸಿನಲ್ಲಿ ಇಳಿಯುವ ಪಂಥ ಎಂದು ಎರಡಾಗಿ ಒಡೆದಿದ್ದಾರೆ. ಮೊದಲನೆಯವರಿಗೆ ಉಸಿರಿನ ಭಯ, ಎರಡನೆಯವರಿಗೆ ಮಂಡಿಯ ಭಯ. ದೊಡ್ಡದೇವರಾಜ ಒಡೆಯರ ಕಾಲದ ಆ ಮೆಟ್ಟಿಲುಗಳು 1,000 ಎಂದೂ 1,008 ಎಂದೂ ಹೇಳುವವರಿದ್ದಾರೆ, ಎಣಿಸಿದವರಲ್ಲಿ ಇಬ್ಬರು ಒಂದೇ ಉತ್ತರಕ್ಕೆ ಬಂದದ್ದು ಅಪರೂಪ. ಏಕೆಂದರೆ ದೊಡ್ಡ ನಂದಿಯ ಹತ್ತಿರ ಎಲ್ಲರೂ ಸೌತೆಕಾಯಿ ತಿನ್ನಲು ನಿಲ್ಲುತ್ತಾರೆ, ಉಪ್ಪುಖಾರ ಹಚ್ಚಿದ ಹೋಳು ಬಾಯಿಗೆ ಹೋದ ಮೇಲೆ ಎಣಿಕೆ ಎಲ್ಲಿಗೆ ನಿಂತಿತ್ತೆಂದು ಯಾರಿಗೂ ನೆನಪಿರುವುದಿಲ್ಲ.

ಇಷ್ಟೆಲ್ಲ ಶಾಸ್ತ್ರ ಬಲ್ಲವನೂ ಕೊನೆಯ ಬಸ್ಸು ತಪ್ಪಿಸಿಕೊಳ್ಳುತ್ತಾನೆ. ಹೆಸರು ಹೇಳುವ ಅಗತ್ಯವಿಲ್ಲದ ಒಂದು ಸಣ್ಣ ಜಲಾಶಯದ ಏರಿಯ ಮೇಲೆ ಪ್ರಸ್ತುತ ಲೇಖಕನು ಒಂದು ಸಂಜೆ ನೀರುಕಾಗೆಗಳು ರೆಕ್ಕೆ ಒಣಗಿಸಿಕೊಳ್ಳುವುದನ್ನು ನೋಡುತ್ತ ಕುಳಿತಿದ್ದನು. ಕೊನೆಯ ಬಸ್ಸು ಐದೂವರೆಗೆ ಎಂದು ಬೆಳಿಗ್ಗೆ ಕಂಡಕ್ಟರು ಎರಡು ಸಲ ಹೇಳಿದ್ದರು. ಅವರು ಕೊಡಬೇಕಾಗಿದ್ದ ಏಳು ರೂಪಾಯಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟದ್ದೂ, ಇಳಿಯುವಾಗ ಅದನ್ನು ಕೇಳಲು ಲೇಖಕನು ಮರೆತದ್ದೂ, ಸಂಜೆ ಅದೇ ಬಸ್ಸಿನಲ್ಲಿ ಕೇಳಿಕೊಂಡರಾಯಿತೆಂದು ಸಮಾಧಾನ ಮಾಡಿಕೊಂಡದ್ದೂ ಇಲ್ಲಿ ಪ್ರಸ್ತುತ. ಒಂದು ಹಕ್ಕಿಯ ಎಡ ರೆಕ್ಕೆ ಒಣಗಿತು, ಬಲ ರೆಕ್ಕೆ ಇನ್ನೂ ಒಣಗಬೇಕಾಗಿತ್ತು. ಅದನ್ನೂ ನೋಡಿಯೇ ಏಳುವುದೆಂದು ಕೂತವನಿಗೆ ಏರಿಯ ಆ ತುದಿಯಲ್ಲಿ ಬಸ್ಸು ತಿರುವಿಕೊಳ್ಳುವ ಸದ್ದು ಕೇಳಿಸಿತು. ಅವನು ಓಡಿದನು. ಆಡು ಹೊಡೆದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು ದಾರಿ ಬಿಟ್ಟು ನಿಂತು, ‘ಬಸ್ಸು ಹೋದ್ ಮ್ಯಾಕೆ ಯಾಕಪ್ಪ ಓಡ್ತೀಯಾ, ನಿಧಾನಕ್ ನಡಿ’ ಎಂದರು. ಬೆಳಿಗ್ಗೆಯಿಂದ ಕೇಳಿದ ಮಾತುಗಳಲ್ಲಿ ಇದೊಂದೇ ಖಚಿತ ಮಾಹಿತಿಯಾಗಿತ್ತು.

ಡೈರಿಯ ಮುಂದೆ ಹಾಲಿನ ಗಾಡಿ ನಿಂತಿತ್ತು. ಲೇಖಕನ ಸ್ಥಿತಿಯನ್ನು ಅಜ್ಜಿಯೇ ದೂರದಿಂದ ಕೂಗಿ ತಿಳಿಸಿದ್ದರಿಂದ ವಿವರಣೆಯ ಅಗತ್ಯ ಬೀಳಲಿಲ್ಲ; ಚಾಲಕ ಕ್ಯಾನುಗಳನ್ನು ಅತ್ತಿತ್ತ ಸರಿಸಿ, ‘ಹತ್ತಿ ಸಾರ್, ಹೈವೇ ತಂಕ ಬಿಡ್ತೀನಿ’ ಎಂದನು. ಪ್ರತಿ ಹಳ್ಳಿಯಲ್ಲೂ ನಿಂತು, ಪ್ರತಿ ಹಳ್ಳಿಯಲ್ಲೂ ಒಂದೆರಡು ಕ್ಯಾನು ಏರಿಸಿಕೊಂಡು, ಆ ಗಾಡಿ ಕ್ರಾಸು ತಲುಪುವಷ್ಟರಲ್ಲಿ ಪೂರಾ ಕತ್ತಲೆಯಾಗಿತ್ತು. ಬಾಡಿಗೆಯೆಂದು ಚಾಚಿದ ನೋಟನ್ನು ಚಾಲಕ ತೆಗೆದುಕೊಳ್ಳಲಿಲ್ಲ, ಚಿಲ್ಲರೆಯಿಲ್ಲವೆಂದನು. ಬೆಳಗಿನ ಟಿಕೆಟ್ಟು ಕೈಗಡಿಯಾರದ ಪಟ್ಟಿಯ ಅಡಿಯಲ್ಲಿಯೇ ಉಳಿದು ಮನೆಗೆ ಬಂತು, ಅಲ್ಲಿಂದ ಒಂದು ಪುಸ್ತಕದೊಳಗೆ ಗುರುತಾಗಿ ಸೇರಿತು. ಯಂತ್ರ ಅಚ್ಚು ಹಾಕಿದ ಊರು, ದಿನಾಂಕ, ದರ ಎಲ್ಲವೂ ಕೆಲವೇ ತಿಂಗಳಲ್ಲಿ ಮಾಸಿ ಕಾಗದ ಬರಿದಾಗಿದೆ. ಮಗುಚಿ ನೋಡಿದರೆ ನೀಲಿ ಶಾಯಿಯ ಸುತ್ತಿನೊಳಗೆ 7 ಮಾತ್ರ ಇನ್ನೂ ಹೊಚ್ಚ ಹೊಸದಾಗಿದೆ.